ನಿಮಗಿದು ಗೊತ್ತೇ? ಕೊಟ್ಟಿಗೆಯ ಬಾಣಂತನ

ಮನೆ ಹಿಂದೆ ಎರಡು ಹಸು, ಒಂದು ಎಮ್ಮೆ, ನಾಲ್ಕು ಮೇಕೆ, ಮೂಲೆಯ ಬುಟ್ಟಿಯಲ್ಲಿ ಕಾವಿಗೆ ಕೂತ ಒಂದು ಹೇಂಟೆ. ಇಷ್ಟಿದ್ದರೆ ಸಾಕು, ವರ್ಷಕ್ಕೆ ನಾಲ್ಕಾರು ರಾತ್ರಿಯಾದರೂ ಟಾರ್ಚ್ ಹಿಡಿದು ಕೊಟ್ಟಿಗೆಗೆ ಓಡಾಡುವುದು ತಪ್ಪದು. ಹೆರುವ ಕೆಲಸ ತಾಯಿಯದು. ಯಾವಾಗ ಕೈ ಹಚ್ಚಬೇಕು, ಯಾವಾಗ ಕೈ ಕಟ್ಟಿ ನಿಲ್ಲಬೇಕು ಎಂದು ತಿಳಿದಿರುವುದು ನಮ್ಮ ಕೆಲಸ. ಆ ರಾತ್ರಿಗಳಿಗೆ ಒದಗುವ ಸಂಗತಿಗಳು ಇಲ್ಲಿವೆ.

ದಿನದ ಲೆಕ್ಕ

• ಹಸುವಿಗೆ ಒಂಬತ್ತು ತಿಂಗಳು ಒಂಬತ್ತು ದಿನ, ಎಮ್ಮೆಗೆ ಹತ್ತು ತಿಂಗಳು ಹತ್ತು ದಿನ, ಕುರಿ ಮೇಕೆಗೆ ಐದು ತಿಂಗಳು. ಹಂದಿಗೆ ಮೂರು ತಿಂಗಳು, ಮೂರು ವಾರ, ಮೂರು ದಿನ. ಕ್ಯಾಲೆಂಡರ್ ಇಲ್ಲದಿದ್ದರೂ ಹಬ್ಬದ ಲೆಕ್ಕ ಸಾಕು. ಯುಗಾದಿ ಹೊತ್ತಿಗೆ ಗಬ್ಬ ಕಟ್ಟಿದ ಮೇಕೆ ಗೌರಿ ಗಣೇಶ ಹಬ್ಬದ ಆಸುಪಾಸು ಮರಿ ಹಾಕುತ್ತದೆ, ಹಸು ಸಂಕ್ರಾಂತಿ ಹೊತ್ತಿಗೆ ಈಯುತ್ತದೆ, ಎಮ್ಮೆ ಶಿವರಾತ್ರಿಗೆ ಮುಂಚೆ ಕರು ಹಾಕುತ್ತದೆ.

• ದಿನ ತುಂಬಿದರೂ ಹಸು ಈಯಲಿಲ್ಲವೆಂದು ಗಾಬರಿ ಬೇಡ. ಹೋರಿಗರುವಾದರೆ ಹೆಣ್ಗರುವಿಗಿಂತ ಒಂದೆರಡು ದಿನ ಹೆಚ್ಚು ಹೊಟ್ಟೆಯಲ್ಲಿರುವುದು ಸಾಮಾನ್ಯ.

• ಹುಟ್ಟುವ ದಿನವನ್ನು ಗೊತ್ತು ಮಾಡುವುದು ತಾಯಿಯಲ್ಲ, ಕರು! ಬೆಳೆದು ಪೂರ್ತಿಯಾದ ಕರುವಿನ ಮೂತ್ರಪಿಂಡದ ಪಕ್ಕದ ಪುಟ್ಟ ಗ್ರಂಥಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ. ಅಲ್ಲಿಯವರೆಗೆ ಗರ್ಭವನ್ನು ಹಿಡಿದಿಟ್ಟಿದ್ದ ಹಾರ್ಮೋನು ಅದರಿಂದ ತಗ್ಗಿ ನೋವು ಶುರುವಾಗುತ್ತದೆ.

• ದಿನ ಕರುವಿನದಾದರೂ ಹೊತ್ತನ್ನು ನಾವು ಸ್ವಲ್ಪ ತಿದ್ದಬಹುದು. ಗಬ್ಬದ ಹಸುಗಳಿಗೆ ಸಂಜೆಗತ್ತಲಲ್ಲಿ ಮೇವು ಹಾಕಿದರೆ ಹೆಚ್ಚಿನವು ಹಗಲಲ್ಲೇ ಈಯುತ್ತವೆ ಎಂಬುದನ್ನು ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ದನಗಾರ ಗಸ್ ಕೊನೆಫಾಲ್ 1970ರ ದಶಕದಲ್ಲಿ ಗಮನಿಸಿದ. ಇಂದಿಗೂ ಆ ಪದ್ಧತಿ ಅವನ ಹೆಸರಿನಲ್ಲೇ ನಡೆಯುತ್ತಿದೆ. ದಿನ ಹತ್ತಿರವಾದ ಹಸುವಿನ ಮುಖ್ಯ ಮೇವನ್ನು ಬೆಳಿಗ್ಗೆಯಿಂದ ಸಂಜೆಗೆ ಬದಲಿಸಲು ಕಾಸು ಖರ್ಚಿಲ್ಲ.

• ಎಮ್ಮೆ ಹಗಲು ಕಿರಿದಾಗುವ ಕಾಲದಲ್ಲಿ ಹೆಚ್ಚಾಗಿ ಬೆದೆಗೆ ಬರುತ್ತದೆ. ಹಾಗಾಗಿ ನಮ್ಮ ದೇಶದಲ್ಲಿ ಬಹುಪಾಲು ಎಮ್ಮೆಗಳು ಜುಲೈನಿಂದ ಡಿಸೆಂಬರ್‌ವರೆಗೆ ಕರು ಹಾಕುತ್ತವೆ. ಮಳೆ, ಕೆಸರು, ಚಳಿ ಎಲ್ಲ ಒಟ್ಟಿಗೆ ಬರುವ ಕಾಲವಿದು. ಎಮ್ಮೆ ಕೊಟ್ಟಿಗೆಯ ನೆಲ ಒಣಗಿರಲೇಬೇಕು.

• ಕರುವಿನ ತೂಕದ ಮೂರನೇ ಎರಡು ಪಾಲು ಬೆಳೆಯುವುದು ಕೊನೆಯ ಮೂರು ತಿಂಗಳಲ್ಲಿ. ಕುರಿ ಮೇಕೆಗಳಲ್ಲಿ ಕೊನೆಯ ಆರು ವಾರವೇ ನಿರ್ಣಾಯಕ. ಹೊಟ್ಟೆಯಲ್ಲಿ ಎರಡು ಮೂರು ಮರಿ ಹೊತ್ತು ಸರಿಯಾದ ಮೇವಿಲ್ಲದೆ ನಿಂತ ಕುರಿ ತನ್ನ ಮೈಯ ಕೊಬ್ಬನ್ನೇ ಕರಗಿಸಿಕೊಳ್ಳುತ್ತದೆ. ಅದು ಅತಿಯಾದರೆ ರಕ್ತ ನಂಜಾಗಿ ಕುರಿ ಮಂಕಾಗುತ್ತದೆ, ಮೇವು ಬಿಡುತ್ತದೆ, ಕಡೆಗೆ ನೆಲ ಹಿಡಿಯುತ್ತದೆ.

• ಕರೆಯುವ ಹಸುವಿನ ಹಾಲನ್ನು ಈಯುವ 60 ದಿನ ಮುಂಚೆಯೇ ಬತ್ತಿಸಬೇಕು. ಎರಡು ತಿಂಗಳ ಹಾಲು ಹೋಯಿತೆಂದು ಮರುಗಬೇಡಿ. ಕೆಚ್ಚಲು ಮತ್ತೆ ಹೊಸದಾಗುವುದು, ಗಿಣ್ಣು ಹಾಲು ಕೂಡಿಕೊಳ್ಳುವುದು ಈ ಬಿಡುವಿನಲ್ಲೇ.

ಹೋರಿಯ ಗಾತ್ರ, ಹಸುವಿನ ಗಾತ್ರ

• ಭಾರತದಲ್ಲಿ ಕೃತಕ ಗರ್ಭಧಾರಣೆ ಮೊದಲು ನಡೆದದ್ದು ನಮ್ಮ ಮೈಸೂರಿನಲ್ಲಿ! 1939ರಲ್ಲಿ ಅರಮನೆಯ ಡೇರಿ ಫಾರಂನಲ್ಲಿ ಸಂಪತ್ ಕುಮಾರನ್ ಅವರು ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಹಳ್ಳಿಕಾರ್ ಹಸುಗಳಿಗೆ ಕೊಟ್ಟು 33 ಹಸುಗಳು ಗಬ್ಬ ಕಟ್ಟುವಂತೆ ಮಾಡಿದರು.

• ಇಂದು ಯಾವ ತಳಿಯ ವೀರ್ಯವೂ ಹಳ್ಳಿಗೆ ಬರುತ್ತದೆ. ಆಯ್ಕೆ ಮಾತ್ರ ನಮ್ಮದು. ಮಲೆನಾಡು ಗಿಡ್ಡ ನಿಂತರೆ ನಮ್ಮ ಸೊಂಟದೆತ್ತರವೂ ಬರುವುದು ಕಷ್ಟ. ಅಂಥ ಹಸುವಿಗೋ, ಇನ್ನೂ ಬೆಳೆಯುತ್ತಿರುವ ಕಡಸಿಗೋ ದೊಡ್ಡ ತಳಿಯ ವೀರ್ಯ ಕೊಡಿಸಿದರೆ ಕರು ದಾರಿಗಿಂತ ದಪ್ಪವಾಗುತ್ತದೆ. ಕಷ್ಟದ ಹೆರಿಗೆಯನ್ನು ತಪ್ಪಿಸುವ ಮೊದಲ ಅವಕಾಶ ಈಯುವ ರಾತ್ರಿಯಲ್ಲಿಲ್ಲ, ಒಂಬತ್ತು ತಿಂಗಳು ಹಿಂದಿನ ಆ ಒಂದು ದಿನದಲ್ಲಿದೆ.

ಗುರುತುಗಳು

• ಬಾಲದ ಬುಡದ ಎರಡೂ ಬದಿಯನ್ನು ದಿನಾ ಮುಟ್ಟಿ ನೋಡಿ. ಅಲ್ಲಿನ ನರಗಳು ಮೊದಲು ಹಗ್ಗದಂತೆ ಬಿಗಿಯಾಗಿರುತ್ತವೆ. ಅವು ಸಡಿಲವಾಗಿ, ಬಾಲದ ಬುಡ ಮೇಲೆದ್ದು ಅಕ್ಕಪಕ್ಕ ಕುಳಿ ಬಿದ್ದರೆ ಒಂದೆರಡು ದಿನದೊಳಗೆ ಕರು. ಕೆಚ್ಚಲು ಬಿಗಿದು ಮೊಲೆಗಳು ಮಿರುಗತೊಡಗಿದರೆ ಇನ್ನೂ ಹತ್ತಿರ.

• ಥರ್ಮಾಮೀಟರ್ ಕೂಡ ಸುಳಿವು ಕೊಡುತ್ತದೆ. ಈಯುವ ಹಿಂದಿನ ದಿನ ಹಸುವಿನ ಮೈಬಿಸಿ ಅರ್ಧದಿಂದ ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ.

• ನೋವು ಬಂದ ಹಸು ಹಿಂಡಿನಿಂದ ದೂರ ಹೋಗಲು ನೋಡುತ್ತದೆ. ಗಿಡ್ಡ ಕಣ್ಣಿಯಲ್ಲಿ ಕಟ್ಟಿದ್ದರೆ ಉದ್ದ ಹಗ್ಗಕ್ಕೆ ಬದಲಿಸಿ, ಇಲ್ಲವೇ ಬಿಚ್ಚಿಬಿಡಿ. ಅದು ಏಳಬೇಕು, ಮಲಗಬೇಕು, ಹೊರಳಿ ಕರುವನ್ನು ನೆಕ್ಕಬೇಕು. ಹಿಂಭಾಗ ಗೋಡೆಗೆ ಒತ್ತದಂತೆ ಜಾಗವಿರಲಿ.

• ನೋಡಲು ಬಂದವರ ಗದ್ದಲ ನೋವನ್ನೇ ನಿಲ್ಲಿಸಬಹುದು! ಹೆದರಿದ ಹಸುವಿನ ರಕ್ತದಲ್ಲಿ ಅಡ್ರಿನಲಿನ್ ಏರಿ ಗರ್ಭಕೋಶದ ಬಿಗಿತ ಸಡಿಲವಾಗುತ್ತದೆ. ನಾಯಿಯನ್ನು ಕಟ್ಟಿಹಾಕಿ, ಮಕ್ಕಳನ್ನು ಒಳಗೆ ಕಳಿಸಿ, ನೀವೊಬ್ಬರು ದೂರದಲ್ಲಿ ಕೂತು ನೋಡಿ.

• ಹತ್ತಿರ ಇರಬೇಕಾದ ಸಾಮಾನು ಹೆಚ್ಚೇನಿಲ್ಲ: ಸೋಪು, ಬಿಸಿನೀರು, ಟಿಂಚರ್ ಅಯೋಡಿನ್, ಕೈಗವಸು, ಹೊಸ ಬ್ಲೇಡು, ಕುದಿಸಿದ ದಾರ, ಒಗೆದ ಹಳೆ ಬಟ್ಟೆ, ಮೆತ್ತನೆಯ ನೂಲು ಹಗ್ಗ ಎರಡು, ಟಾರ್ಚ್. ಜತೆಗೆ ಚಾರ್ಜ್ ತುಂಬಿದ ಮೊಬೈಲ್ ಮತ್ತು ಅದರಲ್ಲಿ ಪಶು ಚಿಕಿತ್ಸಾ ಸಂಚಾರಿ ವಾಹನದ ಸಹಾಯವಾಣಿ 1962.

ಕರು ಬರುವ ಹೊತ್ತು

• ಸರಿಯಾಗಿ ಬರುವ ಕರು ಬಾವಿಗೆ ಧುಮುಕುವ ಹುಡುಗನಂತೆ ಬರುತ್ತದೆ. ಮುಂಗಾಲು ಎರಡೂ ಚಾಚಿ, ಅವುಗಳ ಮೇಲೆ ಮೂತಿ ಇಟ್ಟುಕೊಂಡಿರುತ್ತದೆ. ಗೊರಸಿನ ಅಂಗಾಲು ಕೆಳಗೆ ನೋಡುತ್ತಿದ್ದರೆ ಬಹುಮಟ್ಟಿಗೆ ನಿಶ್ಚಿಂತೆ. ಮೇಲೆ ನೋಡುತ್ತಿದ್ದರೆ ಅವು ಹಿಂಗಾಲು ಇರಬಹುದು, ಇಲ್ಲವೇ ಕರು ಅಂಗಾತವಾಗಿರಬಹುದು.

• ಮುಂಗಾಲೋ ಹಿಂಗಾಲೋ ಕತ್ತಲಲ್ಲೂ ತಿಳಿಯಬಹುದು. ಗೊರಸಿನಿಂದ ಮೇಲಕ್ಕೆ ಮೊದಲ ಎರಡು ಗಂಟುಗಳನ್ನು ಮಡಚಿ ನೋಡಿ. ಎರಡೂ ಒಂದೇ ಕಡೆಗೆ ಮಡಚಿದರೆ ಮುಂಗಾಲು. ಒಂದು ಹೀಗೆ, ಇನ್ನೊಂದು ಹಾಗೆ ಮಡಚಿದರೆ ಹಿಂಗಾಲು. ಹಿಂಗಾಲು ಮುಂದಾಗಿ ಬರುವ ಕರುವಿನ ತಲೆ ಇನ್ನೂ ಒಳಗಿರುವಾಗಲೇ ಹೊಕ್ಕುಳಬಳ್ಳಿ ಅದುಮಿಹೋಗುತ್ತದೆ. ಆದ್ದರಿಂದ ಹಿಂಗಾಲು ಎಂದು ಗೊತ್ತಾದ ಕೂಡಲೇ ವೈದ್ಯರಿಗೆ ಫೋನ್ ಹೋಗಬೇಕು.

• ಗಡಿಯಾರ ನೋಡಿಕೊಳ್ಳಿ. ನೀರಿನ ಚೀಲ ಕಂಡು ಎರಡು ಗಂಟೆ ಕಳೆದರೂ ಕರು ಮುಂದೆ ಬರಲಿಲ್ಲವೆಂದರೆ ಕಾಯದೆ ವೈದ್ಯರನ್ನು ಕರೆಯಿರಿ. ಮೇಕೆ ಕುರಿ ಅರ್ಧ ಗಂಟೆ ಜೋರಾಗಿ ಮುಕ್ಕಿದರೂ ಏನೂ ಕಾಣದಿದ್ದರೆ ತಡ ಮಾಡಬೇಡಿ. ಒಂದೇ ಕಾಲು ಕಂಡರೂ, ಕಾಲಿಲ್ಲದೆ ಬರೀ ತಲೆ ಅಥವಾ ಬಾಲ ಕಂಡರೂ ಗಡಿಯಾರ ನೋಡುವುದೇ ಬೇಡ, ಕೂಡಲೇ ವೈದ್ಯರನ್ನು ಕರೆಯಿರಿ.

• ಕರು ಸರಿಯಾಗಿದ್ದು ತಾಯಿ ಸೋತಾಗ ಎಳೆಯುವುದಕ್ಕೂ ಒಂದು ಕ್ರಮವುಂಟು. ಹಗ್ಗವನ್ನು ಗೊರಸಿನ ಮೇಲಿನ ಗಂಟಿಗಿಂತ ಮೇಲೆ ಕಟ್ಟಬೇಕು. ಹಸು ಮುಕ್ಕಿದಾಗಷ್ಟೇ ಎಳೆಯಬೇಕು, ಅದು ಬಿಟ್ಟಾಗ ಬಿಡಬೇಕು. ಒಂದು ಕಾಲಾದ ಮೇಲೆ ಇನ್ನೊಂದು ಕಾಲು ಎಳೆದರೆ ಭುಜಗಳು ಓರೆಯಾಗಿ ನುಸುಳುತ್ತವೆ. ಮೊದಲು ನೇರವಾಗಿ ಎಳೆದು, ತಲೆ ಬಂದ ಮೇಲೆ ಕೆಚ್ಚಲಿನ ಕಡೆಗೆ ಕೆಳಗೆ ಬಾಗಿಸಬೇಕು. ನಾಲ್ಕು ಜನ ಸೇರಿ ರಥದ ಮಿಣಿ ಎಳೆದಂತೆ ಎಳೆದರೆ ಕರುವಿನ ಕಾಲೂ ಮುರಿದೀತು, ತಾಯಿಯ ಸೊಂಟದ ನರವೂ ಕೆಟ್ಟೀತು.

• "ಒಂದು ಇಂಜೆಕ್ಷನ್ ಹಾಕಿದರೆ ಬೇಗ ಈಯುತ್ತದೆ" ಎಂಬ ಮಾತು ಕೇಳಬೇಡಿ. ದಾರಿ ತೆರೆಯದಿದ್ದಾಗಲೋ ಕರು ಅಡ್ಡವಾಗಿದ್ದಾಗಲೋ ಗರ್ಭಕೋಶವನ್ನು ಹಿಂಡಿಸುವ ಆಕ್ಸಿಟೋಸಿನ್ ಕೊಟ್ಟರೆ ಗರ್ಭಕೋಶವೇ ಹರಿಯಬಹುದು. ಒಳಗೆ ಕೈಹಾಕಿ ನೋಡಿದ ವೈದ್ಯರು ಮಾತ್ರ ಅದನ್ನು ಕೊಡಬೇಕು.

• ಹಸುವಿಗೆ ಸಿಸೇರಿಯನ್ ಮಾಡುವಾಗ ಅದು ಎಚ್ಚರವಾಗಿ, ನಾಲ್ಕು ಕಾಲಿನ ಮೇಲೆ ನಿಂತೇ ಇರಬಹುದು! ಪಕ್ಕೆಗೆ ಮಾತ್ರ ಮರವು ಬರಿಸುತ್ತಾರೆ. ಸಾಮಾನ್ಯವಾಗಿ ಎಡಪಕ್ಕೆಯನ್ನೇ ಕೊಯ್ಯುತ್ತಾರೆ. ಅಲ್ಲಿರುವ ದೊಡ್ಡ ಹೊಟ್ಟೆ ತಡೆಗೋಡೆಯಾಗಿ ನಿಂತು ಕರುಳು ಹೊರಗೆ ಜಾರದಂತೆ ಕಾಯುತ್ತದೆ.

ಮೊದಲ ಗಳಿಗೆಗಳು

• ಆಗಷ್ಟೇ ಹುಟ್ಟಿದ ಕರುವಿನ ಗೊರಸನ್ನು ಹತ್ತಿರದಿಂದ ನೋಡಿದ್ದೀರಾ? ತುದಿಯಲ್ಲಿ ಹಳದಿ ಬಿಳುಪಿನ, ಒದ್ದೆ ರಬ್ಬರಿನಂಥ ಮೆತ್ತನೆಯ ಎಳೆಗಳು ಬೆರಳುಗಳ ಹಾಗೆ ಗೊಂಚಲಾಗಿರುತ್ತವೆ. ಅಮ್ಮನ ಗರ್ಭ ಗೀರದಿರಲೆಂದು ಕರು ಹೊಟ್ಟೆಯೊಳಗೆ ತೊಟ್ಟಿರುವ ಮೆಟ್ಟು ಅದು. ಎದ್ದು ನಾಲ್ಕು ಹೆಜ್ಜೆ ಹಾಕಿದ ಮೇಲೆ ಒಣಗಿ ಸವೆಯತೊಡಗುತ್ತದೆ. ಮಾರನೆಯ ದಿನ ಹುಡುಕಿದರೆ ಗಟ್ಟಿ ಗೊರಸಷ್ಟೇ ಕಂಡೀತು.

• ಉಸಿರಾಡದ ಕರುವನ್ನು ತಲೆಕೆಳಗಾಗಿ ತೂಗುಹಾಕುವುದರಿಂದ ಹೆಚ್ಚಿನ ಲಾಭವಿಲ್ಲ. ಸುರಿಯುವ ನೀರು ಬಹುಪಾಲು ಹೊಟ್ಟೆಯದು, ಶ್ವಾಸಕೋಶದ್ದಲ್ಲ. ಮೂಗು ಬಾಯಿಯ ಲೋಳೆ ಒರೆಸಿ, ಎದೆಯ ಮೇಲೆ ಕೂರುವಂತೆ ಮಲಗಿಸಿ, ಮೂಗಿನ ಹೊಳ್ಳೆಗೆ ಹುಲ್ಲುಕಡ್ಡಿ ಆಡಿಸಿ. ಒಂದು ಸೀನು ಬಂದರೆ ಎದೆ ತೆರೆಯಿತೆಂದೇ ಲೆಕ್ಕ. ಒಣಬಟ್ಟೆಯಲ್ಲಿ ಜೋರಾಗಿ ಮೈ ಉಜ್ಜುವುದೂ ಅಷ್ಟೇ ಮುಖ್ಯ.

• ಹೊಕ್ಕುಳಬಳ್ಳಿ ರೋಗಾಣುಗಳಿಗೆ ತೆರೆದಿಟ್ಟ ಬಾಗಿಲು. ಉದ್ದವಾಗಿದ್ದರೆ ಎರಡು ಅಂಗುಲ ಬಿಟ್ಟು ದಾರ ಕಟ್ಟಿ ಕತ್ತರಿಸಿ, ತುದಿಯನ್ನು ಟಿಂಚರ್ ಅಯೋಡಿನ್‌ನಲ್ಲಿ ಅದ್ದಿ. ಸಗಣಿ, ಬೂದಿ, ಮಣ್ಣು ಬೇಡವೇ ಬೇಡ. ವಾರ ಕಳೆದ ಮೇಲೆ ಕರುವಿನ ಕೀಲು ಊದಿಕೊಂಡರೆ ಎಷ್ಟೋ ಸಲ ಕಾರಣ ಈ ಬಾಗಿಲೇ.

• ಚಳಿಗಾಲದ ಬೆಳಗಿನಲ್ಲಿ ಮರಿಯೊಂದು ಮುದುಡಿ ಮಲಗಿದ್ದರೆ ಅದರ ಬಾಯೊಳಗೆ ಬೆರಳಿಟ್ಟು ನೋಡಿ. ಬಾಯಿ ತಣ್ಣಗಿದ್ದರೆ ಜೀವ ಅಪಾಯದಲ್ಲಿದೆ. ತಲೆ ಎತ್ತಲಾರದ ಮರಿಗೆ ಹಾಲು ಹೊಯ್ದರೆ ಅದು ಶ್ವಾಸಕೋಶಕ್ಕಿಳಿಯುತ್ತದೆ. ಮೊದಲು ಒರೆಸಿ ಬೆಚ್ಚಗೆ ಮಾಡಿ, ಅದು ತಲೆ ಎತ್ತಿದ ಮೇಲೆ ಹಾಲು ಕೊಡಿ.

• ತಾಯಿಕುರಿ ತನ್ನ ಮರಿಯ ವಾಸನೆಯನ್ನು ಹುಟ್ಟಿದ ಎರಡು ಗಂಟೆಯೊಳಗೆ ಕಲಿತುಬಿಡುತ್ತದೆ. ಆಮೇಲೆ ಬೇರೆ ಮರಿ ಬಂದರೆ ತಲೆಯಿಂದ ಹಾಯ್ದು ಓಡಿಸುತ್ತದೆ. ಆ ಎರಡು ಗಂಟೆ ಮರಿಯನ್ನು ಎತ್ತಿಕೊಂಡು ಹೋಗಬೇಡಿ, ಸೋಪು ಹಾಕಿ ತೊಳೆಯಬೇಡಿ. ತಬ್ಬಲಿ ಮರಿಯನ್ನು ಇನ್ನೊಂದು ಕುರಿಗೆ ಒಪ್ಪಿಸಬೇಕಿದ್ದರೆ ಆ ಕುರಿ ಈದಾಗ ಬಂದ ನೀರನ್ನೇ ಮರಿಯ ಮೈಗೆ ಸವರುವುದು ಹಳೆಯ ಉಪಾಯ.

ಗಿಣ್ಣು ಮೊದಲು ಯಾರಿಗೆ?

• ಮನುಷ್ಯರ ಮಗು ಹೊಟ್ಟೆಯಲ್ಲಿರುವಾಗಲೇ ತಾಯಿಯ ರಕ್ತದಿಂದ ರೋಗನಿರೋಧಕ ಶಕ್ತಿ ಪಡೆಯುತ್ತದೆ. ಕರುವಿಗೆ ಆ ಭಾಗ್ಯವಿಲ್ಲ. ಹಸು, ಎಮ್ಮೆ, ಕುರಿ, ಮೇಕೆಗಳ ಮಾಸು ಆ ಶಕ್ತಿ ಕೊಡುವ ಪ್ರತಿಕಾಯಗಳನ್ನು ದಾಟಿಸುವುದಿಲ್ಲ. ಕರು ಬರಿಗೈಯಲ್ಲಿ ಹುಟ್ಟುತ್ತದೆ. ಅದರ ಪಾಲಿಗೆ ಗಿಣ್ಣು ಹಾಲೇ ಮೊದಲ ಲಸಿಕೆ.

• ಆ ಪ್ರತಿಕಾಯಗಳನ್ನು ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಇರುವುದು ಒಂದೇ ದಿನ. ಮೊದಲ ಆರು ಗಂಟೆ ಬಾಗಿಲು ಪೂರ್ತಿ ತೆರೆದಿರುತ್ತದೆ, ಆಮೇಲೆ ಮುಚ್ಚುತ್ತ ಬಂದು 24 ಗಂಟೆಗೆ ಬೀಗ ಬೀಳುತ್ತದೆ. ನಾಳೆ ಕುಡಿಸುವ ಬಿಂದಿಗೆ ಹಾಲು ಇಂದಿನ ಒಂದು ಲೋಟಕ್ಕೆ ಸಮನಲ್ಲ.

• ಎಷ್ಟು ಕುಡಿಸಬೇಕು? ಮೈತೂಕದ ಹತ್ತನೇ ಒಂದು ಪಾಲು. 25 ಕಿಲೋ ಕರುವಿಗೆ ಮೊದಲ 12 ಗಂಟೆಯಲ್ಲಿ ಎರಡೂವರೆ ಲೀಟರ್. ಮೊದಲ ಕಂತು ಹುಟ್ಟಿದ ಒಂದೆರಡು ಗಂಟೆಯೊಳಗೆ ಹೋಗಬೇಕು.

• "ಮಾಸು ಬೀಳುವ ತನಕ ಕರುವಿಗೆ ಮೊಲೆ ಕೊಡಬಾರದು" ಎಂಬ ನಂಬಿಕೆ ಇನ್ನೂ ಹಲವು ಮನೆಗಳಲ್ಲಿದೆ. ಕೈಮುಗಿದು ಕೇಳುತ್ತೇನೆ, ಇದನ್ನು ಇಂದೇ ಬಿಟ್ಟುಬಿಡಿ. ಕರು ಮೊಲೆ ಚೀಪಿದಾಗ ತಾಯಿಯ ಮೈಯಲ್ಲೇ ಆಕ್ಸಿಟೋಸಿನ್ ಉಕ್ಕುತ್ತದೆ. ಹಸು ಸೊರೆ ಬಿಡುವುದೂ ಅದರಿಂದಲೇ, ಗರ್ಭಕೋಶ ಹಿಂಡಿ ಮಾಸು ಜಾರುವುದೂ ಅದರಿಂದಲೇ. ಕರುವಿಗೆ ಹಾಲು ತಡೆದವರು ಮಾಸನ್ನೂ ತಡೆದಂತಾಯಿತು, ಕರುವಿನ ಆಯುಸ್ಸನ್ನೂ ಕಳೆದಂತಾಯಿತು.

• ಬೆಲ್ಲ, ಏಲಕ್ಕಿ ಹಾಕಿ ಕಾಸಿದ ಗಿಣ್ಣು ಹೆಪ್ಪಿಲ್ಲದೆ ಗಟ್ಟಿಯಾಗುವುದೇಕೆ? ಮಾಮೂಲಿ ಹಾಲಿನಲ್ಲಿ ನೂರಕ್ಕೆ ಮೂರು ಪಾಲು ಚಿಲ್ಲರೆ ಪ್ರೋಟೀನ್ ಇದ್ದರೆ ಮೊದಲ ಗಿಣ್ಣಿನಲ್ಲಿ ಸುಮಾರು 14 ಪಾಲು. ಅದರಲ್ಲಿ ದೊಡ್ಡ ಪಾಲು ಪ್ರತಿಕಾಯಗಳದ್ದೇ. ಕೋಳಿಮೊಟ್ಟೆಯ ಬಿಳಿಭಾಗ ಬಿಸಿಗೆ ಗಟ್ಟಿಯಾಗುವಂತೆ ಅವೂ ಗಟ್ಟಿಯಾಗುತ್ತವೆ. ತಟ್ಟೆಯಲ್ಲಿ ಅಲುಗುವ ಆ ಸಿಹಿತುಂಡು ಕರುವನ್ನು ಕಾಯಬೇಕಾದ ಸೈನ್ಯವೇ. ಕರುವಿನ ಹೊಟ್ಟೆ ತುಂಬಿ ಮಿಕ್ಕಿದ್ದನ್ನಷ್ಟೇ ಒಲೆಗೆ ಇಡೋಣ.

• ಹೆಚ್ಚು ಕರೆಯುವ ಹಸುವಿನ ಮಿಕ್ಕ ಗಿಣ್ಣನ್ನು ಫ್ರೀಜರ್‌ನಲ್ಲಿ ವರ್ಷದವರೆಗೂ ಇಡಬಹುದು. ತಾಯಿ ಸತ್ತ ಕರುವಿಗೆ ಅದೇ ಆಧಾರ. ಕರಗಿಸುವಾಗ ಪೊಟ್ಟಣವನ್ನು ಉಗುರುಬೆಚ್ಚಗಿನ ನೀರಿನಲ್ಲಿಡಿ. ಕುದಿಸಿದರೆ ಪ್ರತಿಕಾಯಗಳು ಹಾಳು.

ತಾಯಿಯ ಕಡೆ ಕಣ್ಣು

• ಮಾಸಿಗೆ ಕಸ, ಸತ್ತೆ ಎಂದೂ ಹೆಸರುಂಟು. ಹಸುವಿನ ಮಾಸು ಗರ್ಭಕೋಶಕ್ಕೆ ಸುಮಾರು ನೂರು ಕಡೆ ಗುಂಡಿ ಹಾಕಿದಂತೆ ಅಂಟಿರುತ್ತದೆ. ಒಂದೊಂದೇ ಬಿಚ್ಚಿಕೊಳ್ಳಲು ಕೆಲವು ಗಂಟೆ ಬೇಕು. 12 ಗಂಟೆ ದಾಟಿದರೆ ವೈದ್ಯರಿಗೆ ತಿಳಿಸಿ. ನೇತಾಡುವ ಮಾಸಿಗೆ ಕಲ್ಲೋ ಚಪ್ಪಲಿಯೋ ಕಟ್ಟಿದರೆ, ಕೈಯಿಂದ ಜಗ್ಗಿದರೆ ಗುಂಡಿಗಳು ಕಿತ್ತು ರಕ್ತ ಸುರಿಯುತ್ತದೆ, ಮುಂದಿನ ಗಬ್ಬವೂ ಕಷ್ಟವಾಗುತ್ತದೆ.

• ಹಸು ಮಾಸನ್ನು ತಿನ್ನಲು ಹೋಗುವುದು ಹುಲಿ ಚಿರತೆಗಳಿಗೆ ವಾಸನೆ ಸಿಗದಿರಲೆಂಬ ಕಾಡುಕಾಲದ ಬುದ್ಧಿ ಇರಬಹುದು. ಕೊಟ್ಟಿಗೆಯಲ್ಲಿ ಅದು ಗಂಟಲಿಗೆ ಸಿಕ್ಕಿಕೊಂಡೀತು. ಬಿದ್ದ ಕೂಡಲೇ ತೆಗೆದು, ನಾಯಿ ಕೆದಕದಷ್ಟು ಆಳದಲ್ಲಿ ಸುಣ್ಣ ಹಾಕಿ ಹೂಳಿ.

• ಹಾಲು ಜ್ವರದಲ್ಲಿ ಜ್ವರವೇ ಇರುವುದಿಲ್ಲ! ಮೈ ತಣ್ಣಗಾಗುತ್ತದೆ. ಹತ್ತು ಲೀಟರ್ ಗಿಣ್ಣಿನಲ್ಲಿ 20 ಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಹೊರಹೋಗುತ್ತದೆ, ಹಸುವಿನ ರಕ್ತದಲ್ಲಿ ಒಂದು ಹೊತ್ತಿಗೆ ಇರುವುದು ಮೂರು ಗ್ರಾಂ ಆಸುಪಾಸು. ಮೂಳೆಯಿಂದ ಭರ್ತಿಯಾಗುವುದು ತಡವಾದರೆ ಹಸು ಕುಸಿದು, ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿಬಿಡುತ್ತದೆ. ಇದು ಹೆಚ್ಚಾಗಿ ಮೂರನೇ ಸೂಲಿನ ನಂತರ, ಈದ ಮೂರು ದಿನದೊಳಗೆ ಕಾಣುತ್ತದೆ. ವೈದ್ಯರು ನರಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟರೆ ಸತ್ತೇಹೋಯಿತೆಂದ ಹಸು ಎದ್ದು ಮೇವಿಗೆ ಬಾಯಿ ಹಾಕುತ್ತದೆ. ಅಲ್ಲಿಯವರೆಗೆ ಗೊಟ್ಟದಲ್ಲಿ ಏನನ್ನೂ ಹೊಯ್ಯಬೇಡಿ, ಅದಕ್ಕೆ ನುಂಗುವ ಶಕ್ತಿ ಇರುವುದಿಲ್ಲ.

• ಇದೇ ಕಾಯಿಲೆಗೆ ಒಂದು ಕಾಲದಲ್ಲಿ ಕೆಚ್ಚಲಿಗೆ ಗಾಳಿ ಹೊಡೆಯುತ್ತಿದ್ದರು! ಡೆನ್ಮಾರ್ಕಿನ ಪಶುವೈದ್ಯ ಶ್ಮಿತ್ 1897ರಲ್ಲಿ ಕೆಚ್ಚಲೊಳಗೆ ಔಷಧಿ ತುಂಬಿ ಹಸುಗಳನ್ನು ಉಳಿಸಿದ. ಬರೀ ಗಾಳಿಯೂ ಸಾಕೆಂದು ಆಮೇಲೆ ತಿಳಿಯಿತು. ಕೆಚ್ಚಲು ಬಿಗಿದು ಹಾಲು ಇಳಿಯುವುದು ನಿಂತರೆ ಕ್ಯಾಲ್ಸಿಯಂ ರಕ್ತದಲ್ಲೇ ಉಳಿಯುತ್ತದೆ.

• ಈದ ಮೇಲೆ ಗರ್ಭಕೋಶವೇ ಹೊರಬಂದರೆ ಅಡುಗೆಮನೆಯ ಸಕ್ಕರೆ ನೆರವಿಗೆ ಬರುತ್ತದೆ. ಊದಿದ ಭಾಗದ ನೀರನ್ನು ಸಕ್ಕರೆ ಎಳೆದುಕೊಳ್ಳುವುದರಿಂದ ಅದು ಕುಗ್ಗಿ, ಒಳಗೆ ಸೇರಿಸಲು ವೈದ್ಯರಿಗೆ ಸುಲಭ. ಅವರು ಬರುವ ತನಕ ಶುಚಿಯಾದ ಒದ್ದೆಬಟ್ಟೆ ಸುತ್ತಿ, ನೊಣ, ನಾಯಿ, ಕಾಗೆಗಳಿಂದ ಕಾಯಬೇಕು.

• ಐದು ತಿಂಗಳು ದಾಟಿದ ಹಸು ಕಂದು ಹಾಕಿದರೆ ಬರಿಗೈಯಲ್ಲಿ ಮುಟ್ಟಬೇಡಿ. ಕಂದು ಹಾಕಿಸುವ ಬ್ರುಸೆಲ್ಲೋಸಿಸ್ ರೋಗವಿದ್ದರೆ ಅದು ಮನುಷ್ಯರಿಗೂ ಅಂಟಿ ತಿಂಗಳುಗಟ್ಟಲೆ ಜ್ವರ, ಕೀಲುನೋವು ತರುತ್ತದೆ. ಹೆಣ್ಗರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಒಮ್ಮೆ ಲಸಿಕೆ ಹಾಕಿಸಿದರೆ ಸಾಕು. 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಲಸಿಕೆಯೂ ಸೇರಿದೆ.

ಇನ್ನಷ್ಟು

• ಹಸು ಅವಳಿ ಹಾಕಿ ಒಂದು ಹೋರಿ, ಒಂದು ಹೆಣ್ಣಾದರೆ ಆ ಹೆಣ್ಗರು ನೂರಕ್ಕೆ ತೊಂಬತ್ತಕ್ಕೂ ಮೇಲೆ ಬಂಜೆ. ಹೊಟ್ಟೆಯಲ್ಲಿ ಇಬ್ಬರ ರಕ್ತವೂ ಬೆರೆತು ಹೋರಿಯ ಹಾರ್ಮೋನುಗಳು ಹೆಣ್ಣಿನ ಗರ್ಭಕೋಶ ಬೆಳೆಯಗೊಡುವುದಿಲ್ಲ. ಮೇಕೆಯ ಅವಳಿಗಳಲ್ಲಿ ಇದು ತೀರಾ ಅಪರೂಪ.

• ನಮ್ಮ ದಖ್ಖನಿ ಕುರಿ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಬಂಗಾಳದ ಸುಂದರಬನದ ಪುಟ್ಟ ಗಾರೋಲ್ ಕುರಿಯ ಅವಳಿ ಗುಣವನ್ನು ಅದಕ್ಕೆ ಸೇರಿಸಿ ಮಹಾರಾಷ್ಟ್ರದ ಫಲ್ಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ತಳಿಯೇ ನಾರಿ ಸುವರ್ಣ. ಅವಳಿ ಬಂದರೆ ಸಣ್ಣ ಮರಿಗೆ ಮೊಲೆ ಸಿಕ್ಕಿತೇ ಎಂದು ನೋಡುವ ಹೊಣೆ ನಮ್ಮದು.

• ಹಂದಿಮರಿಗಳು ಹುಟ್ಟಿದ ಕೆಲವೇ ದಿನದಲ್ಲಿ ತಮ್ಮ ತಮ್ಮ ಮೊಲೆ ಗೊತ್ತುಮಾಡಿಕೊಳ್ಳುತ್ತವೆ. ಆಮೇಲೆ ಹಾಲು ಬಿಡುವ ತನಕ ಹೆಚ್ಚುಕಡಿಮೆ ಅದೇ ಜಾಗ.

• ಎಮ್ಮೆಗರುವಿಗೆ ಜಂತುಹುಳು ತಾಯಿಯ ಹಾಲಿನ ಜತೆಗೇ ಬರುತ್ತದೆ. ಹಾಗಾಗಿ 10ರಿಂದ 15ನೇ ದಿನದೊಳಗೆ ವೈದ್ಯರನ್ನು ಕೇಳಿ ಜಂತಿನ ಔಷಧಿ ಕುಡಿಸಬೇಕು.

• ಮೊಟ್ಟೆಗೆ ಮೊದಲ ಬಿರುಕು ಬಿಟ್ಟ ಕೋಳಿಮರಿ ಹೊರಬರಲು ಇಡೀ ದಿನ ತೆಗೆದುಕೊಳ್ಳಬಹುದು. ಆ ಹೊತ್ತಿನಲ್ಲಿ ಅದು ಸುಮ್ಮನಿರುವುದಿಲ್ಲ. ಚಿಪ್ಪಿನ ಒಳಪದರದ ರಕ್ತವನ್ನು ಮೈಗೆ ಎಳೆದುಕೊಳ್ಳುತ್ತಿರುತ್ತದೆ, ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಸೇರಿಸಿಕೊಳ್ಳುತ್ತಿರುತ್ತದೆ. ಕರುಣೆಯಿಂದ ಚಿಪ್ಪು ಬಿಡಿಸಹೋದರೆ ರಕ್ತನಾಳ ಹರಿಯುತ್ತದೆ. ಇಲ್ಲಿ ಕೈಕಟ್ಟಿ ಕೂರುವುದೇ ಉಪಕಾರ.

• ಕಡೆಯದಾಗಿ, ಒಂದು ದನಿ. ಕರು ದೂರವಾದಾಗ ಹಸು ಬಾಯಿ ತೆರೆದು ಜೋರಾಗಿ ಕೂಗುತ್ತದೆ. ಆಗಷ್ಟೇ ಹುಟ್ಟಿದ ಕರುವನ್ನು ನೆಕ್ಕುವಾಗ ಮಾತ್ರ ಬಾಯಿ ಮುಚ್ಚಿಕೊಂಡೇ, ಗಂಟಲಿನಲ್ಲಿ ತಗ್ಗಿದ ದನಿಯಲ್ಲಿ ಗುನುಗುತ್ತದೆ. ಒಂದು ಹಸುವಿನ ದನಿಯಂತೆ ಇನ್ನೊಂದರದಿಲ್ಲ. ಹೊಕ್ಕುಳಿಗೆ ಔಷಧಿಯಾಗಿ, ಕರುವಿನ ಹೊಟ್ಟೆಗೆ ಗಿಣ್ಣು ಬಿದ್ದು, ಆ ದನಿ ಕಿವಿಗೆ ಬಿದ್ದರೆ ಹಸುವಿನ ಮುಂದೆ ಒಂದು ಬಕೆಟ್ ಬೆಚ್ಚನೆಯ ನೀರಿಟ್ಟು, ಟಾರ್ಚ್ ಆರಿಸಿ ಹೊರಬನ್ನಿ. ಮಾಸು ಬಿತ್ತೇ ಎಂದು ಮತ್ತೆ ಬಂದು ನೋಡಿದರಾಯಿತು.